ಮಳೆಗಾಲಕ್ಕೆ ಮೊದಲೇ ಬರಬೇಕಾದ ಪೆಟ್ಟಿಗೆ

ಕಾರವಾರದಿಂದ ಅಂಕೋಲೆಯ ಕಡೆಗೆ ಬಿಣಗಾ, ಅರ್ಗಾ, ಚೆಂಡಿಯಾ, ತೋಡೂರು, ಅಮದಳ್ಳಿಗಳನ್ನು ದಾಟಿ ಹೋಗುವವರು ಈ ಪ್ರದೇಶದ ಭೂಗೋಳವನ್ನು ಪುಸ್ತಕದಿಂದ ಕಲಿಯಬೇಕಾಗಿಲ್ಲ. ಒಂದು ಮಗ್ಗುಲಲ್ಲಿ ಸಹ್ಯಾದ್ರಿಯ ಕವಲುಗಳು ಕಡಲಿನ ಅಂಚಿನವರೆಗೂ ಇಳಿದುಬಂದಿವೆ. ಇನ್ನೊಂದು ಮಗ್ಗುಲಲ್ಲಿ ಅರಬ್ಬೀ ಸಮುದ್ರ. ಇವೆರಡರ ನಡುವೆ ಉಳಿದ ಕಿರಿದಾದ ಪಟ್ಟಿಯಲ್ಲಿಯೇ ಮನೆಗಳು, ಗದ್ದೆಗಳು, ತೆಂಗಿನ ತೋಟಗಳು, ನೌಕಾನೆಲೆ, 66ನೆಯ ರಾಷ್ಟ್ರೀಯ ಹೆದ್ದಾರಿ ಎಲ್ಲವೂ ಒತ್ತೊತ್ತಾಗಿ ಸೇರಿಕೊಂಡಿವೆ. ಸಾಲದುದಕ್ಕೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಂಬ ನಾಲ್ಕು ನದಿಗಳು ಈ ಪಟ್ಟಿಯನ್ನು ಅಡ್ಡಲಾಗಿ ಕೊಯ್ದು ಐದು ತುಂಡುಗಳನ್ನಾಗಿ ಮಾಡಿವೆ. ತುಂಡುಗಳನ್ನು ಪೋಣಿಸಿರುವ ಮುಖ್ಯ ದಾರವೆಂದರೆ ಹೆದ್ದಾರಿ ಮತ್ತು ಅದರ ಸೇತುವೆಗಳು.

ಈ ದಾರ ಎಷ್ಟು ಸುಲಭವಾಗಿ ಹರಿಯಬಲ್ಲುದೆಂಬುದನ್ನು 2024ರ ಮಳೆಗಾಲ ತೋರಿಸಿಕೊಟ್ಟಿತು. ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನು ಮುಚ್ಚಿ ಗಂಗಾವಳಿಗೆ ಇಳಿಯಿತು. ಹನ್ನೊಂದು ಜನರನ್ನು ಕಳೆದುಕೊಂಡೆವು. ಮಣ್ಣು ನದಿಗೆ ಬಿದ್ದ ರಭಸಕ್ಕೆ ಎದ್ದ ಅಲೆಯು ಆಚೆಯ ದಡದ ಉಳುವರೆಯ ಮನೆಗಳನ್ನೂ ಕೆಡವಿತು. ಅದಾಗಿ ಸರಿಯಾಗಿ ಇಪ್ಪತ್ತೆರಡು ದಿನಗಳ ಮೇಲೆ, ಆಗಸ್ಟ್ 7ರ ನಡುರಾತ್ರಿ ಕಳೆದ ಹೊತ್ತಿನಲ್ಲಿ, ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ನದಿಗೆ ಕುಸಿಯಿತು. ಪಕ್ಕದಲ್ಲಿ ಹೊಸ ಸೇತುವೆಯೊಂದು ಇಲ್ಲದೆ ಹೋಗಿದ್ದರೆ ಒಂದೇ ತಿಂಗಳೊಳಗೆ ಕಾರವಾರವು ದಕ್ಷಿಣಕ್ಕೂ ಉತ್ತರಕ್ಕೂ ದಾರಿಯಿಲ್ಲದ ಊರಾಗುತ್ತಿದ್ದಿತು. ಪೂರ್ವದ ಘಾಟಿಗಳನ್ನು ನಂಬೋಣವೆಂದರೆ, 2021ರ ಜುಲೈ ತಿಂಗಳ ಮಳೆಯಲ್ಲಿ ಅರಬೈಲು ಘಾಟಿಯೂ ಕುಸಿತವನ್ನು ಕಂಡಿದೆ.

ಕಠಿನ ರೋಗಗಳಿಗೆ ಗೋವೆಗೋ ಮಂಗಳೂರಿಗೋ ಹುಬ್ಬಳ್ಳಿಗೋ ಓಡಬೇಕಾದ ಜಿಲ್ಲೆ ಇದು. ರಸ್ತೆ ಹರಿದ ದಿನ ಹೆರಿಗೆಯ ನೋವು ಕಾಣಿಸಿಕೊಂಡವಳಿಗೂ ಇನ್ಸುಲಿನ್ ಮುಗಿದವನಿಗೂ ಆ ದಿನದ ಭೂಗೋಳವೇ ಯಮಪಾಶವಾಗಬಹುದು. ಆದುದರಿಂದ, ವಿಪತ್ತಿನ ತರುವಾಯ ಹಡಗಿನ ಕಂಟೇನರುಗಳನ್ನು ಸಂಚಾರಿ ಆಸ್ಪತ್ರೆ, ನೀರು ಶುದ್ಧಿ ಮಾಡುವ ಮನೆ, ಸ್ನಾನಗೃಹ ಮೊದಲಾದವುಗಳನ್ನಾಗಿ ಮಾರ್ಪಡಿಸಿ ಕಳುಹಿಸಬೇಕೆಂಬ ಸಲಹೆ ಕೇಳಿದಾಗ ಮನಸ್ಸು ಒಲಿಯುವುದು ಸಹಜ. ನಮಗೂ ಒಲಿದಿದೆ. ಆದರೆ ಆ ಸಲಹೆಯಲ್ಲಿನ 'ತರುವಾಯ' ಎಂಬ ಮಾತೊಂದು ಮಾತ್ರ ನಮಗೆ ಸಮ್ಮತವಲ್ಲ. ಏಕೆಂಬುದನ್ನು ಕೊಂಚ ಲೆಕ್ಕ ಹಾಕಿಯೇ ನೋಡಬೇಕು.

ಮೊದಲು ಪೆಟ್ಟಿಗೆಯ ಪರಿಚಯ. 1956ರ ಏಪ್ರಿಲ್ 26ರಂದು ಅಮೆರಿಕದ ನ್ಯೂವಾರ್ಕ್ ಬಂದರಿನಿಂದ ಹ್ಯೂಸ್ಟನ್ನಿಗೆ 'ಐಡಿಯಲ್ ಎಕ್ಸ್' ಎಂಬ ಹಡಗು ಐವತ್ತೆಂಟು ಲೋಹದ ಪೆಟ್ಟಿಗೆಗಳನ್ನು ಹೊತ್ತು ಹೊರಟಿತು. ಅದರ ಹಿಂದಿದ್ದವನು ಮಾಲ್ಕಮ್ ಮೆಕ್ಲೀನ್ ಎಂಬ ಲಾರಿ ಸಾಗಣೆಯ ವ್ಯಾಪಾರಿ. ಸರಕನ್ನು ಮೂಟೆ ಮೂಟೆಯಾಗಿ ಇಳಿಸಿ ಏರಿಸುವ ಬದಲು ಪೆಟ್ಟಿಗೆಯನ್ನೇ ಲಾರಿಯಿಂದ ಹಡಗಿಗೂ ಹಡಗಿನಿಂದ ರೈಲಿಗೂ ಎತ್ತಿಡುವುದು ಅವನ ಯೋಜನೆ. ಇಂದು ಪ್ರಪಂಚದಲ್ಲೆಲ್ಲ ಪೆಟ್ಟಿಗೆಯ ಅಳತೆ ನಿಶ್ಚಿತವಾಗಿದೆ. ಇಪ್ಪತ್ತಡಿಯ ಕಂಟೇನರು 6.06 ಮೀಟರು ಉದ್ದ, 2.44 ಮೀಟರು ಅಗಲ, 2.59 ಮೀಟರು ಎತ್ತರ; ಬರಿದಾಗಿದ್ದಾಗ ತೂಕ ಸುಮಾರು 2.3 ಟನ್ನು. ಸಮುದ್ರದ ಮೇಲೆ ಹತ್ತು ಹದಿನೈದು ವರ್ಷ ದುಡಿದ ಮೇಲೆ ಇವನ್ನು ಹಳೆಯ ಸಾಮಾನಿನಂತೆ ಮಾರುತ್ತಾರೆ.

ಇಂಥ ಪೆಟ್ಟಿಗೆಗಳು ವಿಪತ್ತಿನಲ್ಲಿ ನೆರವಿಗೆ ಬಂದ ನಿದರ್ಶನಗಳಿಗೆ ಕೊರತೆಯಿಲ್ಲ. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದ ಪೇಟೆ 2011ರ ಭೂಕಂಪದಲ್ಲಿ ಹಾಳಾದಾಗ ಅದೇ ವರ್ಷ ಅಲ್ಲಿ ಕಂಟೇನರುಗಳದೇ ಅಂಗಡಿಬೀದಿಯೊಂದು ತೆರೆಯಿತು. ಜಪಾನಿನ ಒನಗಾವಾ ನಮಗೆ ಇನ್ನೂ ಹತ್ತಿರದ ಉದಾಹರಣೆ. ಅದೂ ಗುಡ್ಡ ಮತ್ತು ಕಡಲಿನ ನಡುವೆ ಸಿಕ್ಕಿಕೊಂಡ ಊರು. 2011ರ ಸುನಾಮಿಯ ತರುವಾಯ ಅಲ್ಲಿ ಸಮತಟ್ಟಾದ ನೆಲ ಸಾಕಷ್ಟು ದೊರೆಯದಿರಲು, ವಾಸ್ತುಶಿಲ್ಪಿ ಶಿಗೆರು ಬಾನ್ ಬೇಸ್‌ಬಾಲ್ ಆಟದ ಬಯಲಿನಲ್ಲಿ ಇಪ್ಪತ್ತಡಿಯ ಕಂಟೇನರುಗಳನ್ನು ಚದುರಂಗದ ಮಣೆಯಂತೆ ಒಂದು ಬಿಟ್ಟು ಒಂದು ಇಟ್ಟು, ಮೂರಂತಸ್ತಿನವರೆಗೆ ಏರಿಸಿ, 189 ಕುಟುಂಬಗಳಿಗೆ ತಾತ್ಕಾಲಿಕ ಬಿಡಾರಗಳನ್ನು ಕಟ್ಟಿಸಿದನು. ನಮ್ಮ ದೇಶದಲ್ಲಿಯೂ ಮದರಾಸಿನ ಐಐಟಿಯ ಆಸರೆಯಲ್ಲಿ ಹುಟ್ಟಿದ ಸಂಸ್ಥೆಯೊಂದು ಕೋವಿಡ್ ಕಾಲದಲ್ಲಿ ಮಡಚಿ ಒಯ್ಯಬಹುದಾದ ಆಸ್ಪತ್ರೆಯ ಕೋಣೆಗಳನ್ನು ಮಾಡಿ ಕೇರಳದ ವಯನಾಡಿನಲ್ಲಿ ನಿಲ್ಲಿಸಿತು.

ಇವೆಲ್ಲವೂ ವಿಪತ್ತು ಕಳೆದು ವಾರಗಳೋ ತಿಂಗಳುಗಳೋ ಆದ ಮೇಲೆ, ದಾರಿಗಳು ತೆರೆದ ಮೇಲೆ ಬಂದ ನೆರವುಗಳೆಂಬುದನ್ನು ವಾಚಕರು ಗಮನಿಸಬೇಕು. ನಮ್ಮ ಕರಾವಳಿಯ ತೊಂದರೆ ಮೊದಲ ಮೂರು ನಾಲ್ಕು ದಿನಗಳದು. ಆ ದಿನಗಳಲ್ಲಿ ಕಂಟೇನರು ಬರುವುದಾದರೂ ಹೇಗೆ? ಸಲಕರಣೆಗಳಿಂದ ಸಜ್ಜಾದ ಪೆಟ್ಟಿಗೆ ಆರು ಟನ್ನಾದರೂ ತೂಗೀತು. ಅದನ್ನು ಹೊರುವ ಲಾರಿಗೆ ಬೇಕಾದ ರಸ್ತೆಯೇ ಮೊದಲು ಹೋಗಿರುತ್ತದೆ. ರೈಲಿನಲ್ಲಿ ತರಬಹುದೆನ್ನೋಣ, ಲಾರಿಗಳನ್ನೇ ಬಂಡಿಗಳ ಮೇಲೇರಿಸಿ ಒಯ್ಯುವ ವ್ಯವಸ್ಥೆ ಕೊಂಕಣ ರೈಲ್ವೆಯಲ್ಲಿ 1999ರಿಂದಲೂ ಉಂಟು. ಆದರೆ ಗುಡ್ಡ ಕುಸಿಯುವ ಮಳೆಯಲ್ಲಿ ರೈಲೂ ನಿಲ್ಲುತ್ತದೆ. ಹೆಲಿಕಾಪ್ಟರು ಇಲ್ಲವೆ ಎಂದು ನಮ್ಮ ತರಗತಿಯಲ್ಲಿ ವಿದ್ಯಾರ್ಥಿಯೊಬ್ಬ ಕೇಳಿದನು. ಒಳ್ಳೆಯ ಪ್ರಶ್ನೆಯೇ. ನಮ್ಮ ವಾಯುಪಡೆಯಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಎಂಐ-17 ಹೆಲಿಕಾಪ್ಟರು ಹೊರಬಲ್ಲುದು ಸುಮಾರು ನಾಲ್ಕು ಟನ್ನು ಮಾತ್ರ. ಬರಿಯ ಪೆಟ್ಟಿಗೆಯನ್ನು ಎತ್ತೀತು, ಸಜ್ಜಾದುದನ್ನು ಎತ್ತಲಾರದು. ಚಿನೂಕ್ ಎತ್ತಬಲ್ಲುದಾದರೂ ಅವು ದೇಶಕ್ಕೆಲ್ಲ ಹದಿನೈದೇ. ಮೇಲಾಗಿ ಆಷಾಢದ ಮೋಡ ಗುಡ್ಡಗಳನ್ನು ಮುಚ್ಚಿಕೊಂಡಿರುವಾಗ ತೂಗಾಡುವ ಹೊರೆಯೊಂದಿಗೆ ಹಾರುವುದು ವಿವೇಕವಲ್ಲ. ಕಡಲ ದಾರಿಯ ಮಾತಂತೂ ಬೇಡ. ಜೂನ್, ಜುಲೈಗಳಲ್ಲಿ ಯಂತ್ರದ ದೋಣಿಗಳೇ ದಡ ಸೇರಿರುತ್ತವೆ.

ಹೀಗಿರಲು ಉಳಿಯುವ ಮಾರ್ಗ ಒಂದೇ: ಪೆಟ್ಟಿಗೆ ಮೇ ತಿಂಗಳು ಮುಗಿಯುವುದರೊಳಗೆ ತನ್ನ ಸ್ಥಾನದಲ್ಲಿ ನಿಂತಿರಬೇಕು. ಕಾಳಿಯ ಉತ್ತರಕ್ಕೆ ಸದಾಶಿವಗಡದ ಕಡೆ ಒಂದು. ಕಾಳಿ ಗಂಗಾವಳಿಗಳ ನಡುವೆ ಒಂದು. ಗಂಗಾವಳಿ ದಾಟಿ ಗೋಕರ್ಣ ಹಿರೇಗುತ್ತಿಗಳ ತುಂಡಿಗೆ ಒಂದು. ಕುಮಟಾ ಹೊನ್ನಾವರಗಳಿಗೆ ಒಂದು. ಶರಾವತಿಯ ದಕ್ಷಿಣಕ್ಕೆ ಭಟ್ಕಳದ ಕಡೆ ಒಂದು. ಎರಡನೆಯ ತುಂಡು ಉದ್ದವಾದುದು. ಅದರಲ್ಲಿಯೂ ಅರ್ಗಾ, ಚೆಂಡಿಯಾಗಳ ಬಳಿ ಗುಡ್ಡದ ನೀರು ಕಡಲಿಗೆ ಸರಾಗವಾಗಿ ಹೋಗಲಾರದೆ ಜೋರು ಮಳೆಯಲ್ಲಿ ಹೆದ್ದಾರಿಯ ಮೇಲೆಯೇ ನಿಲ್ಲುವುದುಂಟು. ಆಗ ಈ ಊರುಗಳು ತುಂಡಿನೊಳಗಿನ ತುಂಡಾಗುತ್ತವೆ. ಆದುದರಿಂದ ಇಲ್ಲಿಗೇ ಬೇರೊಂದು ಪೆಟ್ಟಿಗೆ ಬೇಕೆಂಬುದು ನಮ್ಮ ಅಭಿಪ್ರಾಯ. ಅರ್ಗಾದಲ್ಲಿ ನೌಕಾಪಡೆಯ ನೆಲೆಯಿದೆ. ಅದರ ಪತಂಜಲಿ ಆಸ್ಪತ್ರೆ 2020ರಲ್ಲಿ ಭಟ್ಕಳದ ಕೋವಿಡ್ ರೋಗಿಗಳಿಗೆ ಚಿಕಿತ್ಸೆ ನೀಡಿದುದನ್ನೂ, ಶಿರೂರಿನಲ್ಲಿ ನೌಕಾಪಡೆಯ ಮುಳುಗುಗಾರರು ದುಡಿದುದನ್ನೂ ಜಿಲ್ಲೆ ಮರೆಯುವಂತಿಲ್ಲ. ಅವರ ಕ್ರೇನುಗಳೂ ತಂತ್ರಜ್ಞರೂ ನೆರವಾಗಲಿ. ಆದರೆ ಪೆಟ್ಟಿಗೆ ನಿಲ್ಲಬೇಕಾದುದು ನೆಲೆಯ ಗೋಡೆಯ ಹೊರಗೆ. ಮಗುವನ್ನು ಹೆಗಲ ಮೇಲೆ ಹೊತ್ತು ನೀರಿನಲ್ಲಿ ನಡೆದುಬರುವವನು ಬಾಗಿಲಲ್ಲಿ ಗುರುತುಚೀಟಿ ತೋರಿಸುತ್ತ ನಿಲ್ಲಬೇಕಾಗಿ ಬರಬಾರದು.

ಇನ್ನು, ಎಲ್ಲಿ ನಿಲ್ಲಿಸಬೇಕೆಂಬ ಪ್ರಶ್ನೆ. ಉಕ್ಕಿನ ಪೆಟ್ಟಿಗೆಯಲ್ಲವೆ, ಗುಡ್ಡ ಬಿದ್ದರೂ ತಡೆದೀತು ಎಂದು ಹಲವರು ಭಾವಿಸುತ್ತಾರೆ. ಹಡಗಿನಲ್ಲಿ ಒಂದರ ಮೇಲೊಂದು ಏರಿಸಿದ ಕಂಟೇನರುಗಳ ಭಾರವನ್ನು ಹೊರುವುವು ನಾಲ್ಕು ಮೂಲೆಗಳ ಕಂಬಗಳು. ಮಾಡು ಎರಡು ಮಿಲಿಮೀಟರು ದಪ್ಪದ ತಗಡು ಮಾತ್ರ. ಮಾಡಿನ ವಿಸ್ತಾರ 14.8 ಚದರ ಮೀಟರು. ಒದ್ದೆ ಮಣ್ಣಿನ ಒಂದು ಘನಮೀಟರು 1.8 ಟನ್ನು ತೂಗುತ್ತದೆನ್ನೋಣ. ಒಂದು ಮೀಟರು ದಪ್ಪ ಮಣ್ಣು ಬಿದ್ದರೂ ಇಪ್ಪತ್ತಾರು ಟನ್ನಿಗಿಂತ ಹೆಚ್ಚು ಭಾರವು ಆ ತಗಡಿನ ಮೇಲೆ ಕೂರುತ್ತದೆ. ಅದು ಕುಸಿಯದೆ ಇರಲಾರದು. ಬುಡ ಕಡಿದ ಗುಡ್ಡದ ಅಡಿಯಲ್ಲಿ ಕಂಟೇನರನ್ನು ಇಡುವುದೂ ಒಂದೇ, ಗುಡಿಸಲನ್ನು ಕಟ್ಟುವುದೂ ಒಂದೇ.

ಗುಡ್ಡದಿಂದ ದೂರ ಸರಿದರೆ ಹೊಳೆಯ ಬದಿ. ಇಲ್ಲಿನ ಅಪಾಯ ಬೇರೆ ಬಗೆಯದು, ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಸ್ವಾರಸ್ಯವಾದುದೂ ಹೌದು. ಉಕ್ಕು ನೀರಿಗಿಂತ ಎಂಟು ಪಟ್ಟು ಸಾಂದ್ರವಾದ ವಸ್ತು. ಆದರೆ ಉಕ್ಕಿನ ಪೆಟ್ಟಿಗೆ ತೇಲುತ್ತದೆ. ಆರ್ಕಿಮಿಡೀಸನ ತತ್ತ್ವದಂತೆ, ತನ್ನ ತೂಕದಷ್ಟು ನೀರನ್ನು ಸ್ಥಾನಪಲ್ಲಟ ಮಾಡಿದೊಡನೆ ಪೆಟ್ಟಿಗೆ ನೆಲ ಬಿಡುತ್ತದೆ. ಬರಿದಾದ ಕಂಟೇನರಿನ 2.3 ಟನ್ನನ್ನು ತಳದ 14.8 ಚದರ ಮೀಟರಿನಿಂದ ಭಾಗಿಸಿ ನೋಡಿರಿ. ಉತ್ತರ 0.155 ಮೀಟರು. ನೀರು ಅದರ ನೆಲಹಲಗೆಯಿಂದ ಒಂದು ಗೇಣೂ ಏರಬೇಕಾಗಿಲ್ಲ, ಪೆಟ್ಟಿಗೆ ದೋಣಿಯಾಗುತ್ತದೆ! ಆರು ಟನ್ನಿನ ಸಜ್ಜಾದ ಪೆಟ್ಟಿಗೆಗೂ 40 ಸೆಂಟಿಮೀಟರು, ಅಂದರೆ ಒಂದು ಮೊಳಕ್ಕಿಂತ ಕಡಮೆ ನೀರು ಸಾಕು. ಬಾಗಿಲ ಸಂದಿಯಲ್ಲಿ ನೀರು ಜಿನುಗಿ ಒಳಸೇರುವುದಾದರೂ ಅದು ನಿಧಾನದ ಕೆಲಸ. ಇದು ಬರಿಯ ಕಾಗದದ ಲೆಕ್ಕವಲ್ಲ. 2025ರ ಮೇ 25ರಂದು ಕೊಚ್ಚಿಯ ಸಮೀಪದ ಸಮುದ್ರದಲ್ಲಿ 'ಎಂಎಸ್‌ಸಿ ಎಲ್ಸಾ 3' ಎಂಬ ಹಡಗು 640 ಕಂಟೇನರುಗಳೊಡನೆ ಮುಳುಗಿತು. ಅವುಗಳಲ್ಲಿ ಹಲವು ತೇಲಿಕೊಂಡು ಕೊಲ್ಲಂ, ಆಲಪ್ಪುಳಗಳ ದಡ ಸೇರಿದುವು. ಶಿರೂರಿನಲ್ಲಿಯೂ ಮಣ್ಣಿನೊಡನೆ ನದಿಗೆ ಬಿದ್ದ ಅಡುಗೆ ಅನಿಲದ ಟ್ಯಾಂಕರು ಗಂಗಾವಳಿಯಲ್ಲಿ ಕೆಳಕ್ಕೆ ತೇಲಿ ಹೋದುದನ್ನು ಜನ ಕಂಡಿದ್ದಾರೆ.

ಹಾಗಾದರೆ ಪೆಟ್ಟಿಗೆಯನ್ನು ಸರಪಳಿಯಿಂದ ಬಿಗಿದರಾಯಿತಲ್ಲ? ಬಿಗಿಯಬಹುದು, ಆದರೆ ಎಷ್ಟು ಬಲವಾಗಿ? ನೆಲಹಲಗೆಯಿಂದ ಒಂದು ಮೀಟರು ಎತ್ತರಕ್ಕೆ ನೀರು ಬಂದರೆ ನೀರಿನ ಮೇಲ್ಮುಖ ಒತ್ತಡ 14.8 ಟನ್ನು, ಪೆಟ್ಟಿಗೆಯ ತೂಕ ಆರು ಟನ್ನು ಕಳೆದರೂ ಸುಮಾರು ಒಂಬತ್ತು ಟನ್ನಿನ ಎಳೆತ ಸರಪಳಿಯ ಮೇಲಾಗುತ್ತದೆ. ಅದಕ್ಕಿಂತ, 2019ರ ಆಗಸ್ಟಿನ ನೆರೆ ಯಾವ ಮಟ್ಟಕ್ಕೆ ಬಂದಿತ್ತೆಂದು ಊರಿನ ಹಿರಿಯರನ್ನು ಕೇಳಿ, ಅದಕ್ಕೂ ಮೇಲೆ ಕಾಂಕ್ರೀಟಿನ ಜಗಲಿ ಕಟ್ಟಿ, ಮೂಲೆಗಳ ಕಿಂಡಿಗಳನ್ನು ಜಗಲಿಗೆ ಬಂಧಿಸುವುದು ಲೇಸು.

ಸ್ಥಳವಾಯಿತು, ಒಳಗಿನ ಹವೆಯ ಮಾತು ಬಂದಿತು. ಉಕ್ಕು ಉತ್ತಮ ಉಷ್ಣವಾಹಕ. ಬೇಸಗೆಯ ನಡುಹಗಲಿನಲ್ಲಿ ಕಂಟೇನರಿನ ಮಾಡಿನ ಮೇಲೆ ಬೀಳುವ ಬಿಸಿಲಿನ ಶಕ್ತಿ ಹನ್ನೆರಡು ಕಿಲೊವಾಟಿಗಿಂತ ಕಡಮೆಯಲ್ಲ. ಒಂದು ಕಿಲೊವಾಟಿನ ಹನ್ನೆರಡು ವಿದ್ಯುತ್ ಒಲೆಗಳನ್ನು ತಲೆಯ ಮೇಲೆ ಉರಿಸಿದಂತೆ. ಇದಕ್ಕೆ ನಮ್ಮ ಕರಾವಳಿಯವರು ಬಹಳ ಹಿಂದೆಯೇ ಪರಿಹಾರ ಕಂಡಿದ್ದಾರೆ. ಮಾಡಿನ ಮೇಲೆ ಒಂದೆರಡಡಿ ಗಾಳಿಯಾಡುವಷ್ಟು ಜಾಗ ಬಿಟ್ಟು ತೆಂಗಿನ ಮಡಲಿನ ಚಪ್ಪರವೊಂದನ್ನು ಹಾಕಿದರೆ ಬಿಸಿಲು ತಗಡನ್ನು ಮುಟ್ಟುವುದೇ ಇಲ್ಲ. ಮಳೆಗಾಲದ ಶತ್ರು ತೇವ. ಹೊರಗೆ 28 ಡಿಗ್ರಿ ಉಷ್ಣತೆ, ನೂರಕ್ಕೆ ತೊಂಬತ್ತರಷ್ಟು ಸಾಪೇಕ್ಷ ಆರ್ದ್ರತೆ ಇದ್ದರೆ ಇಬ್ಬನಿಬಿಂದು ಸುಮಾರು 26 ಡಿಗ್ರಿ. ಮಳೆಯಿಂದ ತಣ್ಣಗಾದ ತಗಡು ಅದಕ್ಕಿಂತ ಕೆಳಗಿಳಿದೊಡನೆ ಒಳಗಿನ ಆವಿ ಹನಿಗಟ್ಟಿ ತೊಟ್ಟಿಕ್ಕತೊಡಗುತ್ತದೆ. ಹಡಗಿನವರು ಇದನ್ನು 'ಕಂಟೇನರಿನ ಮಳೆ' ಎಂದೇ ಕರೆಯುತ್ತಾರೆ. ಒಳಗೆ ಜನರಿದ್ದರಂತೂ ಕೇಳಬೇಕಾಗಿಲ್ಲ. ಉಸಿರು ಮತ್ತು ಚರ್ಮದ ಮೂಲಕ ಪ್ರತಿಯೊಬ್ಬನೂ ಗಂಟೆಗೆ ಮೂವತ್ತು ಗ್ರಾಮಿಗಿಂತ ಹೆಚ್ಚು ನೀರನ್ನು ಹೊರಬಿಡುತ್ತಾನೆ. ಹತ್ತು ಮಂದಿ ಮುಚ್ಚಿದ ಪೆಟ್ಟಿಗೆಯಲ್ಲಿ ಎಂಟು ಗಂಟೆ ಮಲಗಿದರೆ ಎರಡೂವರೆ ಲೀಟರು ನೀರು ಗೋಡೆ ಮಾಡುಗಳಿಗೆ ಸೇರಲು ಸಿದ್ಧವಾಗುತ್ತದೆ. ಔಷಧದ ಚೀಟಿಗಳು ಅಳಿಸಿಹೋಗುತ್ತವೆ, ಹತ್ತಿಗೆ ಬೂಷ್ಟು ಹಿಡಿಯುತ್ತದೆ. ಆದುದರಿಂದ ಒಳಮೈಗೆ ಆವಿ ತೂರದಂಥ ಉಷ್ಣರೋಧಕ ಹೊದಿಕೆಯೂ, ಕೆಳಗೊಂದು ಮೇಲೊಂದು ಗಾಳಿಕಿಂಡಿಯೂ ಇರಲೇಬೇಕು. ಕಿಂಡಿಗಾಗಿ ಗೋಡೆ ಕೊಯ್ದಲ್ಲಿ ಸುತ್ತಲೂ ಉಕ್ಕಿನ ಚೌಕಟ್ಟು ಬೆಸೆಯಬೇಕು. ಮಡಿಕೆ ಮಡಿಕೆಯಾದ ಆ ಗೋಡೆಯೇ ಪೆಟ್ಟಿಗೆ ಓರೆಯಾಗದಂತೆ ಹಿಡಿದಿರುವುದು.

ಮತ್ತೊಂದು ಚಿಕ್ಕ ವಿಷಯ. ನಾಲ್ಕೂ ಕಡೆ ಲೋಹವಿರುವ ಕೋಣೆಯೊಳಕ್ಕೆ ರೇಡಿಯೋ ಅಲೆಗಳು ಸುಲಭವಾಗಿ ನುಗ್ಗಲಾರವು. ಫ್ಯಾರಡೆಯ ಪಂಜರದ ಪಾಠ ಓದಿದವರಿಗೆ ಇದು ಹೊಸದಲ್ಲ. ಆದರೆ ಒಳಗೆ ಕುಳಿತ ದಾದಿಯ ಮೊಬೈಲು ಮೂಕವಾದಾಗ ಯಾರಿಗೂ ಪಾಠ ನೆನಪಾಗದು. ಹೊರಗೆ ಒಂದು ಆಂಟೆನಾ ಇರಲಿ.

ಇಷ್ಟೆಲ್ಲ ಸಿದ್ಧಪಡಿಸಿದ ಪೆಟ್ಟಿಗೆಯೊಳಗೆ ಏನಿರಬೇಕು? ನೀರಿನ ಬಾಟಲಿಗಳನ್ನು ತುಂಬಿಸುವವರನ್ನು ಕಂಡರೆ ನಮಗೆ ಕೊಂಚ ಬೇಸರ. ಕುಡಿಯಲು, ಅಡುಗೆಗೆ, ಮೈ ತೊಳೆಯಲು ಒಬ್ಬನಿಗೆ ದಿನಕ್ಕೆ ಹದಿನೈದು ಲೀಟರು ಬೇಕೆಂಬುದು ಪರಿಹಾರ ಕಾರ್ಯದಲ್ಲಿ ಒಪ್ಪಿರುವ ಅಳತೆ. ಸಾವಿರ ಜನರಿಗೆ ದಿನವೊಂದಕ್ಕೆ ಹದಿನೈದು ಟನ್ನಾಯಿತು. ಪೆಟ್ಟಿಗೆ ತುಂಬ ನೀರೇ ಇಟ್ಟರೂ ಎರಡು ದಿನ ಬಾರದು. ಸುತ್ತಲೂ ನೀರೇ ನೀರು ಇರುವ ಊರಿಗೆ ನೀರನ್ನು ಹೊರುವುದಕ್ಕಿಂತ, ಬಾವಿಯ ನೀರನ್ನು ಸೋಸಿ ಕ್ಲೋರಿನಿನಿಂದ ಶುದ್ಧಿ ಮಾಡುವ ಯಂತ್ರವನ್ನಿಟ್ಟರೆ ಅದು ದಿನದಿನವೂ ಅಷ್ಟು ನೀರು ಕೊಟ್ಟೀತು. ಹೆರಿಗೆಗೆ ಬೇಕಾದ ಸಲಕರಣೆ, ಹಾವಿನ ವಿಷಕ್ಕೂ ಇಲಿಜ್ವರಕ್ಕೂ ಔಷಧ, ಇನ್ಸುಲಿನ್ ಮತ್ತು ಲಸಿಕೆಗಳಿಗೆ ಸಣ್ಣ ಶೀತಪೆಟ್ಟಿಗೆ ಇವು ಮುಖ್ಯ. ವಿದ್ಯುತ್ತಿಗೆ ಮಾಡಿನ ಮೇಲೆ ಎರಡೂವರೆ ಕಿಲೊವಾಟಿನ ಸೌರಫಲಕ ಹಿಡಿಸುತ್ತದೆ; ಚಪ್ಪರವನ್ನು ಹಾಕುವಾಗ ಫಲಕಗಳನ್ನು ಅದರ ಮೇಲಕ್ಕೆ ಎತ್ತಿ ಕಟ್ಟಬೇಕು. ಜುಲೈ ತಿಂಗಳ ಮಂಕು ಬೆಳಕಿನಲ್ಲಿ ದಿನಕ್ಕೆ ಐದು ಯೂನಿಟ್ಟು ಸಿಕ್ಕೀತೆಂದು ನಮ್ಮ ಅಂದಾಜು. ಶೀತಪೆಟ್ಟಿಗೆಗೆ ಒಂದು, ದೀಪಗಳಿಗೆ ಅರ್ಧ, ನೂರು ಮೊಬೈಲುಗಳಿಗೆ ಒಂದೂವರೆ. ಉಳಿದುದು ನೀರಿನ ಪಂಪಿಗೆ. ಎರಡು ದಿನ ಸೂರ್ಯ ಕಾಣದಿದ್ದರೆ? ಬ್ಯಾಟರಿಯ ಜೊತೆಗೆ ಒಂದು ಸಣ್ಣ ಡೀಸೆಲ್ ಯಂತ್ರವೂ ಇರಬೇಕು. ಸೌರಶಕ್ತಿಯ ಮೇಲಿನ ಅಭಿಮಾನದಿಂದ ಡೀಸೆಲನ್ನು ಬಿಟ್ಟುಬಿಡುವುದು ಇಂಥ ಕಡೆ ಸಲ್ಲದು.

ಸ್ನಾನಗೃಹ ಮತ್ತು ಶೌಚಾಲಯಗಳಿಗೆ ಇನ್ನೊಂದು ಪೆಟ್ಟಿಗೆ ಬೇಕು. ನೆರೆ ಬಂದಾಗ ಕಾಳಜಿ ಕೇಂದ್ರಗಳಾಗುವುವು ನಮ್ಮ ಶಾಲೆಗಳೇ. ನೂರಿನ್ನೂರು ಜನಕ್ಕೆ ಶಾಲೆಯ ಎರಡು ಮೂರು ಶೌಚಾಲಯ ಹೇಗೆ ಸಾಕಾದೀತು? ಹೆಂಗಸರ ಸಂಕಟವನ್ನು ಬಣ್ಣಿಸಬೇಕಾಗಿಲ್ಲ. ಶಾಲೆಯ ಅಂಗಳದಲ್ಲಿ ಇಂಥದೊಂದು ಪೆಟ್ಟಿಗೆ ನಿಂತಿದ್ದರೆ ಉಳಿದ ದಿನಗಳಲ್ಲಿ ಅದು ವಿದ್ಯಾರ್ಥಿನಿಯರಿಗೇ ಒದಗುತ್ತದೆ.

ಆದರೆ ಮನೆ? ಕಂಟೇನರುಗಳಲ್ಲಿ ಸಂತ್ರಸ್ತರನ್ನು ವಾಸಕ್ಕಿಡುವ ಮಾತು ಬಂದರೆ ನಾವು ಬೇಡವೆನ್ನುತ್ತೇವೆ. ಒನಗಾವಾದ ಹವೆ ನಮ್ಮದಲ್ಲ ಎಂಬುದು ಒಂದು ಕಾರಣ. ದೊಡ್ಡ ಕಾರಣ ಬೇರೆಯಿದೆ. ಅರ್ಗಾ ಮತ್ತು ಸುತ್ತಲಿನ ಊರುಗಳ ಜನರಿಗೆ 'ಸ್ಥಳಾಂತರ' ಎಂಬುದು ಹೊಸ ಶಬ್ದವಲ್ಲ. 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ನೌಕಾಯೋಜನೆಗೆ ಅವರು ಮನೆ ಗದ್ದೆಗಳನ್ನು ಬಿಟ್ಟುಕೊಟ್ಟರು. ನೌಕಾನೆಲೆ 2005ರಲ್ಲಿ ಕಾರ್ಯಾರಂಭ ಮಾಡಿದ ಮೇಲೆಯೂ ಪರಿಹಾರದ ವ್ಯಾಜ್ಯಗಳು ಬಹುಕಾಲ ನಡೆದುವು. ಇಂಥವರಿಗೆ ಆರು ತಿಂಗಳಿಗೆಂದು ಕೊಟ್ಟ ಪೆಟ್ಟಿಗೆ ಆರು ವರ್ಷದ ಮನೆಯಾದರೆ ಆಶ್ಚರ್ಯವೇನು? ಪೆಟ್ಟಿಗೆ ಒದಗಿಸಿದ್ದೇವೆ ಎಂದು ಕಡತವನ್ನು ಮುಚ್ಚುವುದು ಸುಲಭ. ಸೇವೆಯ ಪೆಟ್ಟಿಗೆಗೆ ಈ ಅಪಾಯವಿಲ್ಲ; ಅದು ಯಾರ ಮನೆಯ ಬದಲಿಗೂ ನಿಂತುದಲ್ಲ.

ಉಳಿದುದು ಪಾಲನೆಯ ಪ್ರಶ್ನೆ. ಬೀಗ ಹಾಕಿ ನಿಲ್ಲಿಸಿದ ಪೆಟ್ಟಿಗೆ ಮೂರು ವರ್ಷದಲ್ಲಿ ಇಲಿಗಳ ವಾಸಸ್ಥಾನವಾಗುತ್ತದೆ. ಬ್ಯಾಟರಿ ಸಾಯುತ್ತದೆ, ಔಷಧದ ಅವಧಿ ಮುಗಿಯುತ್ತದೆ. ವರ್ಷವಿಡೀ ಅದಕ್ಕೆ ಏನಾದರೂ ಕೆಲಸವಿರಬೇಕು. ವಾರಕ್ಕೆರಡು ದಿನ ಮೀನುಗಾರ ಹೆಂಗಸರ ಆರೋಗ್ಯ ತಪಾಸಣೆ ನಡೆಯಲಿ. ಮೂಲೆಗಳಿಗೆ ಇಳಿಸುವ ಕಾಲುಗಳನ್ನು ಜೋಡಿಸಿದ್ದರೆ ಕ್ರೇನಿಲ್ಲದೆಯೇ ಲಾರಿ ಅಡಿಗೆ ಬಂದು ಅದನ್ನು ಹೊತ್ತೊಯ್ಯಬಲ್ಲುದು. ಅಂಕೋಲೆಯ ಬಂಡಿಹಬ್ಬಕ್ಕೆ ವೈಶಾಖದಲ್ಲಿ ಜನ ಸೇರಿದಾಗ ಅಲ್ಲಿ ಪ್ರಥಮ ಚಿಕಿತ್ಸೆಗೆ ನಿಲ್ಲಲಿ. ಮಳೆಗೆ ಇನ್ನು ಕೆಲವು ವಾರಗಳಿರುವಾಗಲೇ ಪಂಪು ಓಡುತ್ತದೆಯೇ, ದೀಪ ಹತ್ತುತ್ತದೆಯೇ, ಬಾಗಿಲ ರಬ್ಬರು ಸೀಳಿದೆಯೇ ಎಂಬುದೆಲ್ಲ ಅಲ್ಲಿ ತಿಳಿದುಹೋಗುತ್ತದೆ. ಹಬ್ಬ ಮುಗಿಸಿ ಪೆಟ್ಟಿಗೆ ತನ್ನ ಜಗಲಿಗೆ ಮರಳಿ ಬಂದ ಮೇಲೆ, ಬೀಗದ ಕೈ ಜಿಲ್ಲಾ ಕಚೇರಿಯ ಬೀರುವಿಗೆ ಹೋಗದೆ ಆ ಊರಿನಲ್ಲಿಯೇ ಇರಬೇಕು: ಒಂದು ಗ್ರಾಮ ಪಂಚಾಯಿತಿಯಲ್ಲಿ, ಇನ್ನೊಂದು ಪೆಟ್ಟಿಗೆಗೆ ನಡೆದು ತಲುಪಬಹುದಾದಷ್ಟು ಹತ್ತಿರದಲ್ಲಿರುವ ಆಶಾ ಕಾರ್ಯಕರ್ತೆಯ ಮನೆಯಲ್ಲಿ.